ಯೂಟ್ಯೂಬ್ ದಾರಿ ತಪ್ಪಿದ ಆ ಎರಡು ಗಂಟೆ: ರೂಟಿಂಗ್ ಎಂದರೇನು?

ವೈ-ಫೈ ಬಾಕ್ಸ್‌ನ ದೀಪಗಳೆಲ್ಲ ಸರಿಯಾಗಿ ಉರಿಯುತ್ತಿವೆ. ಬೇರೆ ವೆಬ್‌ಸೈಟ್‌ಗಳೂ ತೆರೆಯುತ್ತಿವೆ. ಒಂದು ಸೈಟ್ ಮಾತ್ರ ಸುತ್ತುತ್ತಲೇ ಇದೆ, ಬಾಕ್ಸ್ ಆಫ್ ಮಾಡಿ ಆನ್ ಮಾಡಿದರೂ ಅಷ್ಟೇ. 2008ರ ಫೆಬ್ರವರಿ 24ರಂದು ಜಗತ್ತಿನ ಬಹಳಷ್ಟು ಕಡೆ ಯೂಟ್ಯೂಬ್ ನೋಡಲು ಕುಳಿತವರಿಗೆ ಆದದ್ದೂ ಹೀಗೇ. ಯೂಟ್ಯೂಬ್‌ನ ಸರ್ವರ್‌ಗಳು ಚೆನ್ನಾಗಿಯೇ ಇದ್ದವು. ತಪ್ಪಿದ್ದು ಅಲ್ಲಿಗೆ ಹೋಗುವ ದಾರಿ. ಏನಾಯಿತೆಂದು ತಿಳಿಯಲು ನಾಲ್ಕಾರು ಪದಗಳ ಪರಿಚಯ ಸಾಕು.

ನೆಟ್‌ಗೆ ಸೇರಿದ ಯಂತ್ರವನ್ನು ಗುರುತಿಸುವ ಸಂಖ್ಯೆ ಐಪಿ ವಿಳಾಸ. ನಾವು ಟೈಪ್ ಮಾಡುವ ಹೆಸರಿಗೆ ಈ ಸಂಖ್ಯೆಯನ್ನು ಹುಡುಕಿಕೊಡುವುದು ಡಿಎನ್‌ಎಸ್. ವಿಡಿಯೋ ಆಗಲಿ, ಮೇಲ್ ಆಗಲಿ, ಚಿಕ್ಕ ಚಿಕ್ಕ ತುಂಡುಗಳಾಗಿ ಸಾಗುತ್ತದೆ. ಆ ತುಂಡೇ ಪ್ಯಾಕೆಟ್. ಪ್ಯಾಕೆಟ್‌ನ ವಿಳಾಸ ನೋಡಿ ಮುಂದಕ್ಕೆ ಕಳುಹಿಸುವ ಯಂತ್ರ ರೂಟರ್. ಒಂದು ರೂಟರ್‌ನಿಂದ ಇನ್ನೊಂದಕ್ಕೆ ದಾಟುವುದು ಹಾಪ್.

ಮುಂದಿನ ಹಾಪ್ ಯಾವುದೆಂದು ರೂಟರ್ ನೋಡುವುದು ತನ್ನ ರೂಟಿಂಗ್ ಟೇಬಲ್‌ನಲ್ಲಿ. ಕೋಟಿಗಟ್ಟಲೆ ವಿಳಾಸಗಳನ್ನು ಅಲ್ಲಿ ಒಂದೊಂದಾಗಿ ಬರೆದಿಡಲಾಗದು, ಆದ್ದರಿಂದ ಗುಂಪು ಮಾಡುತ್ತಾರೆ. ಪಿನ್‌ಕೋಡ್ 560 ಎಂದು ಶುರುವಾದರೆ ಬೆಂಗಳೂರು, 400 ಎಂದರೆ ಮುಂಬೈ ಅಲ್ಲವೇ, ಹಾಗೆ. ವಿಳಾಸದ ಈ ಮೊದಲ ಭಾಗವೇ ಪ್ರಿಫಿಕ್ಸ್. 208.65.152.0/22 ಎಂದರೆ 1,024 ವಿಳಾಸಗಳ ಗುಂಪು. ಕೊನೆಯಲ್ಲಿ 24 ಇದ್ದರೆ 256 ಮಾತ್ರ. ಒಂದು ವಿಳಾಸ ಎರಡು ಗುಂಪುಗಳಲ್ಲೂ ಸಿಕ್ಕರೆ ರೂಟರ್ ಚಿಕ್ಕ ಗುಂಪಿನ ದಾರಿಯನ್ನೇ ಹಿಡಿಯುತ್ತದೆ. ಎಡವಟ್ಟಾಗಿದ್ದು ಇಲ್ಲೇ.

ದೊಡ್ಡ ನೆಟ್‌ವರ್ಕ್‌ಗಳು 'ಈ ವಿಳಾಸಗಳು ನಮ್ಮಲ್ಲಿವೆ, ಇತ್ತ ಕಳುಹಿಸಿ' ಎಂದು ಒಂದಕ್ಕೊಂದು ಸಾರುವ ಪದ್ಧತಿಗೆ ಬಿಜಿಪಿ ಎಂದು ಹೆಸರು. ಯೂಟ್ಯೂಬ್ ಮೇಲಿನ 1,024ರ ಗುಂಪನ್ನು ಹೀಗೆ ಸಾರಿಕೊಂಡಿತ್ತು. ತನ್ನ ದೇಶದಲ್ಲಿ ಯೂಟ್ಯೂಬ್ ತಡೆಯಬೇಕೆಂದು ಪಾಕಿಸ್ತಾನ ಸರ್ಕಾರ ಆದೇಶಿಸಿತು. ಪಾಕಿಸ್ತಾನ್ ಟೆಲಿಕಾಂ ಅದೇ ಗುಂಪಿನೊಳಗಿನ 208.65.153.0/24 ತನ್ನದೆಂಬ ದಾರಿ ಹಾಕಿತು. ಅದು ದೇಶದೊಳಗೇ ಉಳಿಯಬೇಕಿತ್ತು. ಹೊರಗೆ ಸೋರಿ ಹಾಂಗ್‌ಕಾಂಗ್‌ನ ಪಿಸಿಸಿಡಬ್ಲ್ಯು ಕಂಪನಿಗೆ ತಲುಪಿತು. ಅವರು ಪರೀಕ್ಷಿಸದೆ ಜಗತ್ತಿಗೆಲ್ಲ ಹಂಚಿದರು. ಚಿಕ್ಕ ಗುಂಪಿಗೇ ಮಣೆ ಹಾಕುವ ರೂಟರ್‌ಗಳು ಯೂಟ್ಯೂಬ್‌ನ ಪ್ಯಾಕೆಟ್‌ಗಳನ್ನು ಪಾಕಿಸ್ತಾನದತ್ತ ಅಟ್ಟಿದವು. ಅಲ್ಲಿ ಅವು ಕಸದ ಬುಟ್ಟಿ ಸೇರಿದವು.

ಯೂಟ್ಯೂಬ್ ಎಂಜಿನಿಯರ್‌ಗಳು ಕೊಟ್ಟ ಉತ್ತರ ಸೊಗಸಾಗಿದೆ. ಮೊದಲು ತಾವೂ 256ರ ಗುಂಪನ್ನು ಸಾರಿದರು. ಅದು ಸಾಲದೆ ಇನ್ನೂ ಚಿಕ್ಕದಾದ, 128 ವಿಳಾಸಗಳ ಎರಡು ಗುಂಪು ಸಾರಿದರು. ಕೊನೆಗೆ ಪಿಸಿಸಿಡಬ್ಲ್ಯು ತಪ್ಪು ದಾರಿಯನ್ನು ಕಿತ್ತುಹಾಕುವ ಹೊತ್ತಿಗೆ ಎರಡು ಗಂಟೆಗೂ ಹೆಚ್ಚು ಕಳೆದಿತ್ತು.

ಯಾರೋ ಹೇಳಿದ್ದನ್ನು ಹಾಗೇ ನಂಬುವ ಈ ಗುಣ ಬಿಜಿಪಿಯಲ್ಲಿ ಹುಟ್ಟಿನಿಂದಲೇ ಇದೆ. ಯಾವ ಗುಂಪನ್ನು ಯಾರು ಸಾರಬಹುದೆಂದು ಡಿಜಿಟಲ್ ಸಹಿಯೊಂದಿಗೆ ದಾಖಲಿಸುವ ಆರ್‌ಪಿಕೆಐ ವ್ಯವಸ್ಥೆ ಆಮೇಲೆ ಬಂತು. ಆದರೆ ಎಲ್ಲ ನೆಟ್‌ವರ್ಕ್‌ಗಳೂ ಅದನ್ನು ಪರಿಶೀಲಿಸುವುದಿಲ್ಲ.

ಒಂದೇ ಸೈಟ್ ತೆರೆಯದಿದ್ದಾಗ ಟ್ರೇಸ್‌ರೂಟ್ ಎಂಬ ಕಮಾಂಡ್ ಓಡಿಸಿ ನೋಡಿ. ಪ್ಯಾಕೆಟ್ ಹೋಗುವ ಹಾಪ್‌ಗಳ ಪಟ್ಟಿ ಬರುತ್ತದೆ. ಮೊದಲ ಸಾಲಿನಲ್ಲಿ ಸಾಮಾನ್ಯವಾಗಿ ಇರುವುದು ನಿಮ್ಮ ಮನೆಯದೇ ರೂಟರ್, ಅಂದರೆ ಗೇಟ್‌ವೇ. ಅದೇ ಉತ್ತರಿಸದಿದ್ದರೆ ಮೊದಲು ಮನೆಯಲ್ಲೇ ಹುಡುಕಿ. ಅದನ್ನು ದಾಟಿ ಎಲ್ಲೋ ಮುಂದೆ ನಿಂತಿದ್ದರೆ ಆ ಪಟ್ಟಿಯನ್ನೇ ಕಸ್ಟಮರ್ ಕೇರ್‌ಗೆ ಕಳುಹಿಸಿ. ನಡುವೆ ನಕ್ಷತ್ರ ಚಿಹ್ನೆಗಳು ಕಂಡರೆ ಗಾಬರಿ ಬೇಡ. ಕೆಲವು ರೂಟರ್‌ಗಳು ಪ್ಯಾಕೆಟ್ ದಾಟಿಸುತ್ತವೆ, ಕೇಳಿದರೆ ಉತ್ತರ ಮಾತ್ರ ಕೊಡುವುದಿಲ್ಲ.