ನವೀಕರಣದ ನಂತರ: ಅಟ್ಟದ ಓಲೆಗರಿ ಕಸವಲ್ಲ

ಮೈಸೂರಿನ ಅಗ್ರಹಾರ, ಚಾಮುಂಡಿಪುರಂ ಮುಂತಾದ ಹಳೆಯ ಬಡಾವಣೆಗಳಲ್ಲಿ ಮನೆಯ ನವೀಕರಣ ಮುಗಿದೊಡನೆ ಎದುರಾಗುವ ಪ್ರಶ್ನೆ ಒಂದೇ: ಅಟ್ಟದಿಂದ ಇಳಿಸಿದ ಸಾಮಾನುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು? ಬಳಸುವಂಥದು, ಕೊಟ್ಟುಬಿಡುವಂಥದು, ಬಿಸಾಡುವಂಥದು ಎಂದು ಮೂರು ಪಾಲು ಮಾಡುವುದು ಸುಲಭ ವಿಧಾನ. ಆದರೆ ಹಳೆಯ ಕಾಗದಪತ್ರ ಹಾಗೂ ಓಲೆಗರಿಗಳಿಗೆ ನಾಲ್ಕನೆಯ ಪಾಲು ಅಗತ್ಯ. ಓದಲು ಬಾರದೆಂಬ ಕಾರಣಕ್ಕೆ ಅವು ರದ್ದಿಗೆ ಸೇರಬಾರದು.

ಇದಕ್ಕೆ ಮೈಸೂರೇ ಸಾಕ್ಷಿ. ಕೌಟಿಲ್ಯನ ‘ಅರ್ಥಶಾಸ್ತ್ರ’ ಬಹುಕಾಲ ಇತರ ಗ್ರಂಥಗಳ ಉಲ್ಲೇಖಗಳಿಂದಷ್ಟೇ ತಿಳಿದಿತ್ತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಇಲ್ಲಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಓಲೆಗರಿಗಳಲ್ಲಿ ಅದನ್ನು ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೂಲಪಾಠವನ್ನು ಪ್ರಕಟಿಸಿದರು. 1891ರಲ್ಲಿ ಆರಂಭವಾದ ಆ ಗ್ರಂಥಾಲಯವೇ ಇಂದು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯ.

ಗರಿಗಳನ್ನು ನೀರಿನಲ್ಲಿ ತೊಳೆಯಬಾರದು, ಬಿಸಿಲಿಗೆ ಹರವಬಾರದು. ಸಿಮೆಂಟ್ ದೂಳನ್ನು ಒಣಗಿದ ಮೆದು ಕುಂಚದಿಂದ ತೆಗೆದು ಹತ್ತಿಬಟ್ಟೆಯಲ್ಲಿ ಸುತ್ತಬೇಕು. ಹೊಸ ಗಾರೆಯ ಗೋಡೆ ಕೆಲಕಾಲ ತೇವ ಬಿಡುವುದರಿಂದ ಕಪಾಟನ್ನು ಗೋಡೆಗೆ ತಾಗಿಸದೆ ಇಡುವುದು ಕ್ಷೇಮ. ಬಳಿಕ ಬಲ್ಲವರಿಗೆ ತೋರಿಸಬೇಕು. ಪಾತ್ರೆ ಪಗಡಿಗಳನ್ನು ಮತ್ತೆ ಕೊಳ್ಳಬಹುದು. ಕಸದ ಗಾಡಿಯೇರಿದ ಬರಹ ಮರಳಿ ಬಾರದು.