ಇಟಲಿಯಲ್ಲಿ ಹತ್ತು, ಸ್ಪೇನಿನಲ್ಲಿ ಹೊರಡು: ಒಂದೇ ಪದದ ಹಲವು ದಾರಿ

ಇಟಲಿಯ ಬಸ್ಸಿನ ಬಾಗಿಲ ಮೇಲೆ 'ಸಲೀತಾ' ಅಂತ ಬರೆದಿದ್ದರೆ ಅದು ಹತ್ತುವ ಬಾಗಿಲು. ಸ್ಪೇನಿನಲ್ಲಿ 'ಸಲೀದಾ' ಅನ್ನೋ ಬೋರ್ಡ್ ಕಂಡರೆ ಅದು ಹೊರಹೋಗುವ ದಾರಿ. ಎರಡೂ ಒಂದೇ ತಾಯಿಯ ಮಕ್ಕಳು. ಆದರೂ ಒಂದು ಒಳಗೆ ಕರೆಯುತ್ತೆ, ಇನ್ನೊಂದು ಹೊರಗೆ ಕಳಿಸುತ್ತೆ. ಹೇಗೆ?

ತಾಯಿ ಪದ ಲ್ಯಾಟಿನ್ನಿನ 'ಸಲೀರೆ'. ಅರ್ಥ, ನೆಗೆಯುವುದು. ಮೇಲಕ್ಕೂ ನೆಗೆಯಬಹುದು, ಹೊರಕ್ಕೂ ನೆಗೆಯಬಹುದು. ಇಟಾಲಿಯನ್ ಭಾಷೆ 'ಮೇಲಕ್ಕೆ' ಅನ್ನುವುದನ್ನು ಹಿಡಿದುಕೊಂಡಿತು. ಅಲ್ಲಿ 'ಸಲೀರೆ' ಅಂದರೆ ಹತ್ತುವುದು. ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳಲ್ಲಿ ಅದು ಹೊರಹೋಗುವುದಾಯಿತು. ಫ್ರೆಂಚರ 'ಸಾಯೀರ್'ಗೆ ಈಗ ಮುಂದಕ್ಕೆ ಚಾಚಿಕೊಳ್ಳುವ ಅರ್ಥವಿದೆ, ಗೋಡೆಯಿಂದ ಬಾಲ್ಕನಿ ಚಾಚಿಕೊಂಡ ಹಾಗೆ. ನೆಗೆಯುವ ಹಳೆಯ ಅರ್ಥ ಉಳಿದಿರುವುದು ದೂರದ ರೊಮೇನಿಯನ್ ಭಾಷೆಯಲ್ಲಿ. ಅಲ್ಲಿ ಅದರ ರೂಪ 'ಸರಿ'. ನಮ್ಮ 'ಸರಿ'ಗೂ ಅದಕ್ಕೂ ಯಾವ ನಂಟೂ ಇಲ್ಲ, ದನಿ ಮಾತ್ರ ಒಂದೇ.

ಹಾಗಾದರೆ ಇಟಲಿ, ಸ್ಪೇನಿನವರು ನೆಗೆಯೋಕೆ ಏನಂತಾರೆ? ಅದೇ ಬೇರಿನಿಂದ ಹುಟ್ಟಿದ 'ಸಲ್ತಾರೆ', 'ಸಲ್ತಾರ್'. ಲ್ಯಾಟಿನ್ನಿನಲ್ಲಿ ಇದಕ್ಕೆ ಕುಣಿಯುವ ಅರ್ಥವಿತ್ತು. ಪರೀಕ್ಷೆ ಬರೆದು ನಾವು ಕಾಯುವ 'ರಿಸಲ್ಟ್' ಕೂಡ ಇದೇ ಮನೆಯದು. ಅದರ ಲ್ಯಾಟಿನ್ ಮೂಲಕ್ಕೆ ಹಿಂದಕ್ಕೆ ಪುಟಿಯುವುದು ಎಂದರ್ಥ.

ಇದನ್ನೆಲ್ಲ ಹೇಳೋಕೆ ಕಾರಣವಿದೆ. ಪದದ ಮೂಲ ತೋರಿಸಿ, 'ಇದೇ ನಿಜವಾದ ಅರ್ಥ, ನೀವು ಬಳಸೋದು ತಪ್ಪು' ಅನ್ನುವ ವಾದ ನಮ್ಮಲ್ಲೂ ಜೋರಾಗಿದೆ. ಆ ಲೆಕ್ಕದಲ್ಲಿ ರೊಮೇನಿಯಾದವರು ಮಾತ್ರ ಪಾಸು, ಉಳಿದ ಕೋಟ್ಯಂತರ ಜನ ಫೇಲು! ನಮ್ಮ 'ಅವಸರ'ವನ್ನೇ ನೋಡಿ. ಸಂಸ್ಕೃತದಲ್ಲಿ, ಹಿಂದಿಯಲ್ಲಿ ಅದು ಅವಕಾಶ. ಕನ್ನಡದಲ್ಲಿ ಆತುರ. ತೆಲುಗಿನವರು 'ಅವಸರಂ ಲೇದು' ಅಂದರೆ ನಿಧಾನವಾಗಿ ಮಾಡಿ ಅಂತಲ್ಲ, ಅದು ಬೇಕಾಗೇ ಇಲ್ಲ ಅಂತ. ಇವರಲ್ಲಿ ತಪ್ಪು ಮಾತಾಡುತ್ತಿರುವವರು ಯಾರು? ನನ್ನ ಪ್ರಕಾರ ಯಾರೂ ಅಲ್ಲ.

ಪದದ ಮೂಲ ಹುಡುಕೋದು ಖುಷಿಯ ಕೆಲಸ, ಹುಡುಕೋಣ. ಅದು ಪದ ಎಲ್ಲಿಂದ ಹೊರಟಿತು ಅಂತ ಹೇಳುತ್ತೆ. ಇವತ್ತಿನ ಅರ್ಥ ಬೇಕಿದ್ದರೆ ಮಾತಾಡುವ ಜನರನ್ನೇ ಕೇಳಬೇಕು. ಇಲ್ಲವಾದರೆ ಇಟಲಿಯ ಬಸ್ಸಿನಲ್ಲಿ ಹತ್ತುವವರಿಗೆ ಎದುರಾಗಿ ಇಳಿಯಬೇಕಾಗುತ್ತೆ.