ಪಿಂಚಣಿ ಕಾಗದದ ಹಿಂದೆ ಬಂದ ಸಾಂತ್ವನ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯಂಥ ಕಡೆ ಸೈನ್ಯದಿಂದ ನಿವೃತ್ತನಾಗಿ ಬಂದವನು ಮುದುಕನೇನೂ ಆಗಿರುವುದಿಲ್ಲ. ಹದಿನೆಂಟು, ಇಪ್ಪತ್ತರಲ್ಲಿ ಭರ್ತಿಯಾದ ಜವಾನ ಹದಿನೈದು, ಹದಿನೇಳು ವರ್ಷದ ಸರ್ವೀಸ್ ಮುಗಿಸಿ ಊರಿಗೆ ಮರಳುವಾಗ ಅವನಿಗೆ ನಲವತ್ತೂ ತುಂಬಿರುವುದಿಲ್ಲ. ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿರುತ್ತಾರೆ. ಹೊಲದ ಉಸ್ತುವಾರಿ ತಮ್ಮನ ಪಾಲಿಗೆ ಬಂದಿರುತ್ತದೆ, ಮನೆಯ ಲೆಕ್ಕಾಚಾರವೆಲ್ಲ ಹೆಂಡತಿಯದಾಗಿರುತ್ತದೆ. ರಜೆಗೆ ಬಂದು ಮಿಠಾಯಿ ಹಂಚಿ ಹೋಗುತ್ತಿದ್ದ ಅಪ್ಪ ಈಗ ದಿನವೂ ಜಗಲಿಯ ಮೇಲೇ ಕೂತಿರುತ್ತಾನೆ. ಊರು ‘ಮಿಲಿಟ್ರಿಯವರು’ ಎಂದು ಮರ್ಯಾದೆ ಕೊಡುತ್ತದೆ, ಆಗಸ್ಟ್ ಹದಿನೈದಕ್ಕೆ ಶಾಲೆಗೆ ಕರೆಸಿ ಹಾರ ಹಾಕುತ್ತದೆ. ಆದರೆ ರಾತ್ರಿ ನಿದ್ದೆ ಹತ್ತುತ್ತಿಲ್ಲ, ಸಣ್ಣದಕ್ಕೂ ಸಿಟ್ಟು ನೆತ್ತಿಗೇರುತ್ತದೆ ಎಂದು ಹಾರ ಹಾಕಿಸಿಕೊಂಡವನು ಯಾರ ಮುಂದೆ ಹೇಳಿಕೊಳ್ಳಬೇಕು?

ಹಾಗೆ ಹೇಳಿಕೊಳ್ಳುವ ಜಾಗ ನಮ್ಮಲ್ಲಿ ಆಸ್ಪತ್ರೆಯಲ್ಲಿ ಹುಟ್ಟಲಿಲ್ಲ. ಪಿಂಚಣಿಯ ಅರ್ಜಿ ತುಂಬಿಸುವ ಮೇಜಿನ ಬಳಿ, ಯಾರೂ ಯೋಜನೆ ಹಾಕದೆಯೇ ಹುಟ್ಟಿತು. ಅದರ ಕಥೆಗೆ ನೂರಕ್ಕೂ ಹೆಚ್ಚು ವರ್ಷ.

ಒಂದೇ ವರ್ಷ, ಎರಡು ದಾರಿ

ಮೊದಲ ಮಹಾಯುದ್ಧಕ್ಕೆ ಆಳು ಸಾಲದೆ ಬಂದಾಗ, 1917ರಲ್ಲಿ ಬ್ರಿಟಿಷ್ ಸರ್ಕಾರ ಕೇಂದ್ರ ನೇಮಕಾತಿ ಮಂಡಳಿಯೊಂದನ್ನು ರಚಿಸಿತು. ಯುದ್ಧ ಮುಗಿದಾಗ ಭರ್ತಿ ಮಾಡಿಕೊಂಡವರನ್ನು ಊರಿಗೆ ಕಳಿಸಿ ಕೈತೊಳೆದುಕೊಳ್ಳುವಂತಿರಲಿಲ್ಲ. ಗಾಯಗೊಂಡವರಿದ್ದರು, ಸತ್ತವರ ಮನೆಯವರಿದ್ದರು. ಹೀಗಾಗಿ 1919ರಲ್ಲಿ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಬಂತು. ಸ್ವಾತಂತ್ರ್ಯಾನಂತರ, 1951ರಲ್ಲಿ, ಅದರ ಹೆಸರಿಗೆ ನಾವಿಕರೂ ವಾಯುಪಡೆಯವರೂ ಸೇರಿದರು. 1975ರಲ್ಲಿ ಅದು ಕೇಂದ್ರೀಯ ಸೈನಿಕ ಮಂಡಳಿ ಎಂಬ ಈಗಿನ ಹೆಸರು ಪಡೆಯಿತು.

ಅದೇ 1919ರಲ್ಲಿ ಲಂಡನ್ನಿನಲ್ಲಿ ಇನ್ನೊಂದು ಸಂಸ್ಥೆ ಶುರುವಾಯಿತು. ಇವತ್ತು ಅದನ್ನು ‘ಕಾಂಬ್ಯಾಟ್ ಸ್ಟ್ರೆಸ್’ ಎನ್ನುತ್ತಾರೆ. ಕಂದಕಗಳಲ್ಲಿ ಶೆಲ್ಲುಗಳ ಸದ್ದಿಗೆ ಮನಸ್ಸು ಕದಡಿಹೋದ ಸೈನಿಕರನ್ನು ಹುಚ್ಚಾಸ್ಪತ್ರೆಗೆ ತಳ್ಳಬಾರದು ಎಂಬುದು ಅದರ ಸ್ಥಾಪಕರ ಹಟವಾಗಿತ್ತು. ಅಲ್ಲಿ ಕೆಲಸ ಮನಸ್ಸಿನಿಂದ ಶುರುವಾಯಿತು. ಇಲ್ಲಿನ ಮಂಡಳಿಯ ಮುಂದಿದ್ದದ್ದು ಪಿಂಚಣಿ, ಬಾಕಿ ಹಣ, ಉದ್ಯೋಗ ಮತ್ತು ಸೈನಿಕರ ಮಕ್ಕಳ ಓದು. ಅದು ತಪ್ಪೆಂದೇನೂ ಹೇಳಲಾಗದು, ಊಟಕ್ಕೇ ಗತಿಯಿಲ್ಲದ ಮನೆಗೆ ಮೊದಲು ಬೇಕಾದದ್ದು ಹಣವೇ. ಆದರೆ ಕಾಗದದಿಂದ ಶುರುವಾದ ವ್ಯವಸ್ಥೆ ಮನಸ್ಸನ್ನು ತಲುಪಲು ಬಹಳ ವರ್ಷ ತೆಗೆದುಕೊಂಡಿತು.

ಕಾರಿಯಪ್ಪನವರ ನಿವೃತ್ತಿ

ಸ್ವತಂತ್ರ ಭಾರತದಲ್ಲಿ ಮಾಜಿ ಸೈನಿಕರ ಪ್ರಶ್ನೆಗೆ ದನಿ ಕೊಟ್ಟವರಲ್ಲಿ ಕನ್ನಡ ನಾಡಿನವರೇ ಮುಂದಿದ್ದರು. 1949ರ ಜನವರಿ 15ರಂದು ಭೂಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕೆ. ಎಂ. ಕಾರಿಯಪ್ಪ 1953ರ ಜನವರಿ 14ರಂದು ನಿವೃತ್ತರಾದರು. ಅದೇ ದಿನವನ್ನು ಈಗ ಮಾಜಿ ಸೈನಿಕರ ದಿನವನ್ನಾಗಿ ಆಚರಿಸಲಾಗುತ್ತದೆ. ಮಡಿಕೇರಿಯ ‘ರೋಶನಾರಾ’ದಲ್ಲಿ ನೆಲೆಸಿದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಮಾಜಿ ಸೈನಿಕರು ತಮ್ಮ ಮಾತನ್ನು ತಾವೇ ಆಡಲೆಂದು 1964ರಲ್ಲಿ ಇಂಡಿಯನ್ ಎಕ್ಸ್‌ಸರ್ವಿಸಸ್ ಲೀಗ್ ಕಟ್ಟಿದರು.

ಮರುವರ್ಷವೇ ಯುದ್ಧ ಅವರ ಮನೆಯೊಳಗೂ ಬಂತು. ವಾಯುಪಡೆಯಲ್ಲಿದ್ದ ಮಗ ನಂದಾ ಕಾರಿಯಪ್ಪ 1965ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದಲ್ಲಿ ಯುದ್ಧಕೈದಿಯಾದರು. ಹಿಂದೊಮ್ಮೆ ಕಾರಿಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಅಲ್ಲಿನ ಅಧ್ಯಕ್ಷರಾಗಿದ್ದರು. ಅವರು ವಿಶೇಷ ಉಪಚಾರದ ಮಾತೆತ್ತಿದಾಗ, ಸೆರೆಯಲ್ಲಿರುವ ಎಲ್ಲ ಭಾರತೀಯ ಸೈನಿಕರನ್ನೂ ಒಂದೇ ಸಮ ನೋಡಿಕೊಳ್ಳಿ ಎಂದು ತಂದೆ ಹೇಳಿ ಕಳಿಸಿದ ಸಂಗತಿ ಪ್ರಸಿದ್ಧ. ಇಂಥ ಗಟ್ಟಿತನವನ್ನು ನಾಡು ಮೆಚ್ಚಿತು. ಅದರ ಜೊತೆಗೇ, ಸೈನಿಕನ ಮನೆಯವರು ಅಳಬಾರದು ಎಂಬ ನಿರೀಕ್ಷೆಯೂ ಗಟ್ಟಿಯಾಯಿತು.

ಮೇಜಿನ ಎರಡು ಬದಿ

ಇಂದು ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕಾರಿಯಪ್ಪ ರಸ್ತೆಯಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕೇಂದ್ರ ಕಚೇರಿಯಿದೆ. ಜಿಲ್ಲಾ ಮಟ್ಟದ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಡಿಸೆಂಬರ್ 7ರ ಧ್ವಜ ದಿನದಂದು ಶಾಲಾ ಮಕ್ಕಳ ಅಂಗಿಗೆ ಅಂಟುವ ಪುಟ್ಟ ಬಾವುಟದ ದುಡ್ಡು ಸೇರುವುದು ಸೈನಿಕ ಕಲ್ಯಾಣಕ್ಕೆ. 1949ರಲ್ಲಿ ಶುರುವಾದ ಪದ್ಧತಿ ಅದು. ಪಿಂಚಣಿಯಿಲ್ಲದ, 65 ದಾಟಿದ ಬಡ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಮಂಡಳಿ ಕೊಡುವ ಮಾಸಿಕ ನೆರವು ₹4,000 ಇದ್ದದ್ದು 2025ರ ನವೆಂಬರ್‌ನಿಂದ ₹8,000 ಆಗಿದೆ.

ಇಂಥ ಕಚೇರಿಗಳಿಗೆ ಜನ ಬರುವುದು ಕಾಗದದ ತೊಡಕಿಗೆ. ಸೇನೆಯ ದಾಖಲೆಯಲ್ಲಿ ಹೆಂಡತಿ ಜಯಮ್ಮ, ಆಧಾರ್‌ನಲ್ಲಿ ಜಯಲಕ್ಷ್ಮಮ್ಮ, ಪಾಸ್‌ಬುಕ್ಕಿನಲ್ಲಿ ಮತ್ತೇನೋ. ಮದುವೆಯಾದದ್ದು, ಮಗು ಹುಟ್ಟಿದ್ದು ಆಯಾ ಕಾಲಕ್ಕೆ ‘ಪಾರ್ಟ್ ಟೂ ಆರ್ಡರ್’ ಎಂಬ ಸೇನಾ ದಾಖಲೆಯಲ್ಲಿ ಸೇರದಿದ್ದರೆ, ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಅಲೆದಾಟ ತಪ್ಪಿದ್ದಲ್ಲ. ಹಲವರ ರೆಕಾರ್ಡ್ ಆಫೀಸ್ ಇರುವುದು ಬೇರೆ ರಾಜ್ಯದಲ್ಲಿ, ಪಿಂಚಣಿ ಮಂಜೂರಾಗುವುದು ಪ್ರಯಾಗರಾಜ್‌ನಿಂದ. ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆ ಬಂದಿದೆ, ಆದರೆ ಒಟಿಪಿ ಬರುವ ಮೊಬೈಲು ಮಗನ ಹತ್ತಿರವಿರುತ್ತದೆ.

ಈ ತೊಡಕನ್ನು ಬಿಡಿಸಲು ಕೂತಿರುವವರು ಬಹುಪಾಲು ಮಾಜಿ ಸುಬೇದಾರರು, ಹವಾಲ್ದಾರರು. ಮಂಡಳಿಯ ವೆಲ್‌ಫೇರ್ ಆರ್ಗನೈಸರ್‌ಗಳನ್ನು ಅವರೊಳಗಿಂದಲೇ ಆರಿಸುತ್ತಾರೆ. ತಾಲ್ಲೂಕುಗಳ ಮಾಜಿ ಸೈನಿಕರ ಸಂಘಗಳಲ್ಲೂ ಇಂಥವರೇ. ಡಿಸ್ಚಾರ್ಜ್ ಬುಕ್ ತೆರೆದು ಯಾವ ಯೂನಿಟ್, ಎಲ್ಲೆಲ್ಲಿ ಪೋಸ್ಟಿಂಗ್ ಎಂದು ಕೇಳುವಷ್ಟರಲ್ಲಿ ಎದುರಿಗಿದ್ದವನ ಬಾಯಿ ತೆರೆಯುತ್ತದೆ. ಅರ್ಜಿ ಹಿಡಿದು ಬಂದ ಹೆಂಡತಿ ಕೊನೆಗೆ, ‘ಅಣ್ಣಾ, ಕ್ಯಾಂಟೀನ್ ರಮ್ಮು ಬಂದ ದಿನ ಮನೇಲಿ ಇರೋಕಾಗಲ್ಲ’ ಎಂದು ಹೇಳುವುದೂ ಇಲ್ಲಿಯೇ. ಆಪ್ತ ಸಮಾಲೋಚಕ ಎಂಬ ಫಲಕ ಈ ಮೇಜಿನ ಮೇಲಿಲ್ಲ. ಕೇಳಿಸಿಕೊಳ್ಳುವವರಿಗೆ ಅದರ ತರಬೇತಿಯೂ ಆಗಿಲ್ಲ. ಆದರೂ ಹೇಳುವವರು ಹೇಳುತ್ತಾರೆ, ಏಕೆಂದರೆ ಕೇಳುವವನೂ ಒಂದು ಕಾಲಕ್ಕೆ ಅದೇ ಉಡುಪು ತೊಟ್ಟಿದ್ದವನು.

ವಿಯೆಟ್ನಾಂ ಯುದ್ಧದ ನಂತರ ಅಮೆರಿಕ ಕಂಡುಕೊಂಡದ್ದೂ ಇದನ್ನೇ. ಆಸ್ಪತ್ರೆಗೆ ಹೋಗಲೊಪ್ಪದ ಸೈನಿಕರು 1970ರ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ತಮ್ಮತಮ್ಮಲ್ಲೇ ಗುಂಪು ಸೇರಿ ಮಾತಾಡತೊಡಗಿದರು. 1979ರಲ್ಲಿ ಸರ್ಕಾರ ಬಡಾವಣೆಗಳಲ್ಲಿ ‘ವೆಟ್ ಸೆಂಟರ್’ಗಳನ್ನು ತೆರೆಯಿತು. ಅಲ್ಲಿ ಕೂತವರಲ್ಲೂ ಅನೇಕರು ಮಾಜಿ ಸೈನಿಕರೇ. ಅವರ ಅನುಭವಕ್ಕೆ ಸರ್ಕಾರ ತರಬೇತಿಯನ್ನು ಜೋಡಿಸಿತು, ನಾವು ಜೋಡಿಸಲಿಲ್ಲ.

ಉಳಿದವರ ಕಥೆ

ಸೈನಿಕನ ಹೆಂಡತಿಯ ಪ್ರಶ್ನೆ ಬೇರೆಯದೇ. 1971ರ ಯುದ್ಧದ ನಂತರ ಮೋಹಿನಿ ಗಿರಿ ದೆಹಲಿಯಲ್ಲಿ 1972ರಲ್ಲಿ ಯುದ್ಧ ವಿಧವೆಯರ ಸಂಘ ಕಟ್ಟಿದರು. ಆದರೂ ಶೌರ್ಯ ಪದಕದ ಜೊತೆ ಬರುವ ಭತ್ಯೆ ಮರುಮದುವೆಯ ನಂತರವೂ ಸಿಗಬೇಕಾದರೆ ವಿಧವೆ ಮೈದುನನನ್ನೇ ಮದುವೆಯಾಗಬೇಕೆಂಬ ಷರತ್ತು 2017ರ ನವೆಂಬರ್‌ವರೆಗೂ ಉಳಿದಿತ್ತು. ಅಲ್ಲಿಯವರೆಗೆ ಹೆಣ್ಣಿನ ಮುಂದಿನ ಬದುಕನ್ನು ಸರ್ಕಾರಿ ಕಾಗದವೂ ಅತ್ತೆಮನೆಯ ಲೆಕ್ಕವೂ ಸೇರಿ ತೀರ್ಮಾನಿಸುತ್ತಿದ್ದವು.

ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ 2007ರ ಜುಲೈ 31ರಂದು ಉರಿ ಬಳಿ ಹುತಾತ್ಮರಾದರು. ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು. ಅವರ ಪತ್ನಿ, ಭರತನಾಟ್ಯ ಕಲಾವಿದೆ ಸುಭಾಷಿಣಿ ವಸಂತ್ ‘ವಸಂತರತ್ನ ಫೌಂಡೇಶನ್ ಫಾರ್ ಆರ್ಟ್’ ಕಟ್ಟಿ, ತಮ್ಮಂತೆಯೇ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳತ್ತ ಹೊರಳಿದರು. ಅವರಲ್ಲಿ ಎಷ್ಟೋ ಮಂದಿ ಹಳ್ಳಿಯವರು, ಕಚೇರಿಯ ಮೆಟ್ಟಿಲು ಹತ್ತಿ ಗೊತ್ತಿಲ್ಲದವರು. ಮಕ್ಕಳ ಓದಿಗೆ ನೆರವಾಗುತ್ತಾ, ಇಂಥವರನ್ನು ಒಂದೆಡೆ ಸೇರಿಸಿ ಮಾತಿಗೆ ಎಳೆಯುತ್ತಾ ಕೆಲಸ ಬೆಳೆಯಿತು. ಇಲ್ಲೂ ಅದೇ ಸೂತ್ರ: ಕಂಡುಂಡವರ ಮುಂದೆ ಮಾತ್ರ ದುಃಖ ಹೊರಬರುತ್ತದೆ.

ಸೇರದ ಎರಡು ಹಾದಿಗಳು

ವಿಚಿತ್ರವೆಂದರೆ, ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಪ್ರಯೋಗವೂ ಇದೇ ನೆಲದಲ್ಲಿ ನಡೆದದ್ದು. ಎಪ್ಪತ್ತರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆರಂಭವಾದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇತ್ತ 2003ರ ಏಪ್ರಿಲ್ 1ರಂದು ಮಾಜಿ ಸೈನಿಕರಿಗಾಗಿ ಇಸಿಎಚ್‌ಎಸ್ ಆರೋಗ್ಯ ಯೋಜನೆ ಬಂತು. ಒಂದು ಆರೋಗ್ಯ ಇಲಾಖೆಯ ದಾರಿ, ಇನ್ನೊಂದು ರಕ್ಷಣಾ ಇಲಾಖೆಯ ದಾರಿ. ಎರಡೂ ಒಂದೇ ಮನೆಯ ಮುಂದೆ ಹಾದುಹೋದರೂ ಒಂದನ್ನೊಂದು ಮುಟ್ಟಲಿಲ್ಲ.

ಇತ್ತೀಚೆಗೆ ಅವು ಹತ್ತಿರ ಬರುತ್ತಿವೆ. 2022ರ ಅಕ್ಟೋಬರ್ 10ರಂದು ನಿಮ್ಹಾನ್ಸ್ ನೇತೃತ್ವದಲ್ಲಿ ಟೆಲಿ ಮಾನಸ್ ಸಹಾಯವಾಣಿ ಶುರುವಾಯಿತು. 2023ರ ಡಿಸೆಂಬರ್ 1ರಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೇನೆಯವರಿಗೂ ಅವರ ಕುಟುಂಬಗಳಿಗೂ ಅದರದೇ ಪ್ರತ್ಯೇಕ ಘಟಕ ಬಂತು. 2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿನದಂದು, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ‘ವೀರ ಪರಿವಾರ ಸಹಾಯತಾ ಯೋಜನೆ’ ಆರಂಭಿಸಿತು. ಸೈನಿಕ ಮಂಡಳಿಯ ಕಚೇರಿಗಳಲ್ಲೇ ಕಾನೂನು ನೆರವಿನ ಕೇಂದ್ರ ತೆರೆಯುವುದು, ಮಾಜಿ ಸೈನಿಕರನ್ನೂ ಅವರ ಮನೆಯವರನ್ನೂ ಅದರ ಸ್ವಯಂಸೇವಕರನ್ನಾಗಿ ತಯಾರು ಮಾಡುವುದು ಅದರ ಬಗೆ.

ಜಮೀನಿನಂಥ ಕಾನೂನು ತಕರಾರಿಗೆ ಒಪ್ಪಿದ ಈ ಬಗೆ ಮನಸ್ಸಿನ ತಕರಾರಿಗೂ ಒಪ್ಪುತ್ತದೆ. ಹೊಸ ಕಟ್ಟಡ ಬೇಡ, ಹೊಸ ಫಲಕವೂ ಬೇಡ. ಅರ್ಜಿ ತುಂಬಿಸುತ್ತಿರುವ ಸುಬೇದಾರನಿಗೆ ಯಾವ ಮಾತನ್ನು ಸುಮ್ಮನೆ ಕೇಳಬೇಕು, ಯಾವುದನ್ನು ಆ ದಿನವೇ ವೈದ್ಯರಿಗೆ ತಲುಪಿಸಬೇಕು ಎಂಬುದನ್ನು ಕಲಿಸಿದರೆ ಅರ್ಧ ಕೆಲಸ ಆದಂತೆ. ಸಕಲವಾರದಲ್ಲಿ ಆರೋಗ್ಯ ಕಾರ್ಯಕರ್ತರು ಕಲಿತದ್ದನ್ನು ಇವರು ಕಲಿಯಲಾರರೆ? ತಿಪ್ಪಸಂದ್ರದಿಂದ ಬೆಂಗಳೂರಿನ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ಹೋಗಿ ಬರಲು ಒಂದು ದಿನದ ಕೂಲಿ ಬಿಡಬೇಕು. ಮಾಗಡಿಗಾದರೆ ಸಂತೆಗೆ ಹೋದಾಗಲೇ ಹೋಗಿ ಬರಬಹುದು. ಅಂಥ ಒಂದು ಮೇಜು ಅಲ್ಲಿ ತಿಂಗಳಿಗೆರಡು ದಿನವಾದರೂ ಹಾಕುವವರೆಗೆ, ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ, ಕನ್ನಡದಲ್ಲೇ, ಯಾವ ಹೊತ್ತಿಗಾದರೂ ಕರೆ ಮಾಡಬಹುದು. ಕರೆ ಮಾಡಲು ಮಾಜಿ ಸೈನಿಕನೇ ಆಗಬೇಕಿಲ್ಲ, ಅವನ ಹೆಂಡತಿಯೋ ಮಗಳೋ ಮಾಡಿದರೂ ಆದೀತು.